ಜೀರ್ಜಿಂಬೆ ಹೊಸದು ಎನ್ನುವ ಮೊದಲು

ಮಳೆ ಬಿದ್ದು ಜಾಲಿ ಚಿಗುರಿದ ಮೇಲೆ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ಹುಳದ ಬಗ್ಗೆ ಇದ್ದವು. ಈ ಸಂಚಿಕೆಯ ಜಾಗವೆಲ್ಲ ಅದಕ್ಕೇ.

ಪ್ರಶ್ನೆ: ಗುಡ್ಡದ ಅಂಚಿನ ಜಾಲಿ ಗಿಡದಲ್ಲಿ ತಾಮ್ರದ ಹೊಳಪಿನ ಜೀರ್ಜಿಂಬೆಯೊಂದು ಸಿಕ್ಕಿತು. ಉದ್ದ 11 ಮಿ.ಮೀ. ನಮ್ಮ ಕಡೆ ಕಾಣುವ ಜೀರ್ಜಿಂಬೆಗಳು ಇದಕ್ಕಿಂತ ದೊಡ್ಡವು, ಬಣ್ಣವೂ ಬೇರೆ. ಫೋನಿನ ಆ್ಯಪ್ ಯಾವ ಹೆಸರನ್ನೂ ಹೇಳುತ್ತಿಲ್ಲ. ಇದು ಹೊಸ ಪ್ರಭೇದ ಆಗಿರಬಹುದೆ?
— ಪದವಿ ವಿದ್ಯಾರ್ಥಿನಿ, ಸಂಡೂರು

ಉತ್ತರ: ಆಗಿರಬಹುದು. ಆದರೆ ಆ್ಯಪ್ ಸುಮ್ಮನಿದ್ದದ್ದಕ್ಕೂ ಪ್ರಭೇದ ಹೊಸದಾಗಿರುವುದಕ್ಕೂ ಸಂಬಂಧವಿಲ್ಲ. ಜೀರ್ಜಿಂಬೆಗಳ ಬ್ಯೂಪ್ರೆಸ್ಟಿಡೇ ಕುಟುಂಬದಲ್ಲಿ ಸುಮಾರು 15,000 ಪ್ರಭೇದಗಳಿವೆ. ಅಗ್ರಿಲಸ್ ಎಂಬ ಒಂದೇ ಕುಲದಲ್ಲಿ ಮೂರು ಸಾವಿರದಷ್ಟಿವೆ. ಇವುಗಳಲ್ಲಿ ಬಹುಪಾಲಿಗೆ ಆ್ಯಪ್ ಕಲಿಯಲು ಬೇಕಾದಷ್ಟು ಫೋಟೊಗಳೇ ಇಲ್ಲ. ಹುಡುಗರು ಬೆಂಕಿಪೆಟ್ಟಿಗೆಯಲ್ಲಿ ಸಾಕುವ ದೊಡ್ಡ ಜೀರ್ಜಿಂಬೆ ಸ್ಟರ್ನೋಸೆರಾ ಕುಲದ್ದು. ಅದರ ನಮ್ಮ ಕೆಲವು ಪ್ರಭೇದಗಳಿಗೆ 18ನೇ ಶತಮಾನದಲ್ಲೇ ಹೆಸರು ಬಿದ್ದಿದೆ. ಹೊಸದು ಸಿಗುವ ಸಾಧ್ಯತೆ ಇರುವುದು ನಿಮಗೆ ಸಿಕ್ಕಂಥ ಸಣ್ಣವುಗಳಲ್ಲಿ.

ಬಣ್ಣವನ್ನು ಮಾತ್ರ ನಂಬಬೇಡಿ. ಈ ಹೊಳಪು ಬಣ್ಣದ ಪುಡಿಯಿಂದ ಬಂದದ್ದಲ್ಲ. ಗಟ್ಟಿ ಮೇಲ್ರೆಕ್ಕೆಯ ಹೊರಪದರದಲ್ಲಿ ಅತಿ ತೆಳುವಾದ ಹಾಳೆಗಳು ಒಂದರ ಮೇಲೊಂದು ಕೂತಿರುತ್ತವೆ. ಬೆಳಕು ಪ್ರತಿ ಹಾಳೆಯಿಂದಲೂ ಮರಳಿ ಬರುತ್ತದೆ, ಯಾವ ಬಣ್ಣ ಗಟ್ಟಿಯಾಗಿ ಕಾಣಬೇಕೆಂಬುದನ್ನು ಹಾಳೆಯ ದಪ್ಪ ತೀರ್ಮಾನಿಸುತ್ತದೆ. ದಪ್ಪ ಕೂದಲೆಳೆಯಷ್ಟೂ ಬೇಡ, ಅದಕ್ಕಿಂತ ಎಷ್ಟೋ ಪಾಲು ಕಡಿಮೆ ಹೆಚ್ಚಾದರೂ ಹಸಿರು ತಾಮ್ರದತ್ತ ಸರಿಯುತ್ತದೆ. ಹಾಗಾಗಿ ಒಂದೇ ಪ್ರಭೇದದಲ್ಲಿ ಹಸಿರು, ತಾಮ್ರ, ನೀಲಿ ಮೂರೂ ಹುಟ್ಟಬಹುದು. ನಿಮ್ಮ ಹುಳವನ್ನೇ ಓರೆ ಹಿಡಿದು ನೋಡಿ, ತಾಮ್ರ ಹಸಿರಿಗೆ ತಿರುಗೀತು. ಬಣ್ಣ ಬರೆಯುವುದಾದರೆ ನೇರ ಮೇಲಿನಿಂದ, ಚದುರಿದ ಬೆಳಕಿನಲ್ಲಿ ನೋಡಿ ಬರೆಯಬೇಕು. ಬಲ್ಬಿನ ಸುತ್ತ ಟ್ರೇಸಿಂಗ್ ಕಾಗದದ ಕೊಳವೆ ಮಾಡಿಟ್ಟರೆ ಫೋಟೊದಲ್ಲಿ ಬಿಳಿ ಚುಕ್ಕೆ ಹೊಡೆಯುವುದಿಲ್ಲ.

ನೋಡಬೇಕಾದ್ದು ಬೇರೆ ಇದೆ, ಅದಕ್ಕೆ 40 ಪಟ್ಟು ತೋರಿಸುವ ಸ್ಟೀರಿಯೋ ಮೈಕ್ರೊಸ್ಕೋಪ್ ಬೇಕು. ಕುಡಿಮೀಸೆಯಲ್ಲಿ 11 ಗೆಣ್ಣುಗಳಿರುತ್ತವೆ. ಗರಗಸದ ಹಲ್ಲು ಎಷ್ಟನೆಯ ಗೆಣ್ಣಿನಿಂದ ಶುರುವಾಗುತ್ತದೆ, ವಾಸನೆ ಹಿಡಿಯುವ ಗುಳಿಗಳು ಗೆಣ್ಣಿನ ಯಾವ ಕಡೆ ಇವೆ ಎಂದು ನೋಡಿ. ಆಮೇಲೆ ಎದೆಯ ಮೇಲ್ಫಲಕದ ಅಂಚು ಎಲ್ಲಿ ಅಗಲ, ಎಲ್ಲಿ ಕಿರಿದು. ಮೇಲ್ರೆಕ್ಕೆಯ ತುದಿ ದುಂಡೋ, ಕತ್ತರಿಸಿದಂತಿದೆಯೋ, ಮುಳ್ಳಿದೆಯೋ. ಮೈಮೇಲಿನ ಗುಳಿಗಳು ಒತ್ತೊತ್ತಾಗಿವೆಯೋ ವಿರಳವೋ. ಹೊಟ್ಟೆಯ ಅಡಿ ಐದು ಫಲಕ ಕಾಣುತ್ತವೆ, ಮೊದಲೆರಡು ಬೆಸೆದುಕೊಂಡಿರುತ್ತವೆ. ಕೊನೆಯ ಫಲಕದ ತುದಿಯ ಆಕಾರವನ್ನು ತಪ್ಪದೆ ಬರೆದಿಟ್ಟುಕೊಳ್ಳಿ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಗಂಡಿನ ಜನನಾಂಗ. ಹೊರಗೆ ಅವಳಿಗಳಂತೆ ಕಾಣುವ ಎರಡು ಪ್ರಭೇದಗಳು ಇಲ್ಲಿ ಬೇರೆಯಾಗುತ್ತವೆ. ಒಣಗಿದ ಹುಳವನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಹೊಟ್ಟೆಯ ತುದಿಯಿಂದ ಕೊಕ್ಕೆ ಸೂಜಿಯಲ್ಲಿ ಅಂಗವನ್ನು ಎಳೆದು, ಶೇ. 10ರ ಕಾಸ್ಟಿಕ್ ಪೊಟ್ಯಾಷ್ ದ್ರಾವಣದಲ್ಲಿ (100 ಮಿ.ಲೀ. ನೀರಿಗೆ 10 ಗ್ರಾಂ) ಇಡಿ. ಒಂದು ರಾತ್ರಿ ತಣ್ಣಗಿಟ್ಟರೆ ಸಾಕು. ಬಿಸಿ ಮಾಡಿ ಮರೆತರೆ ಅಂಗ ಗಾಜಿನಂತೆ ಪಾರದರ್ಶಕವಾಗಿ ಯಾವ ಅಂಚೂ ಕಾಣದಾಗುತ್ತದೆ. ತಪ್ಪುವುದು ಹೆಚ್ಚಾಗಿ ಇಲ್ಲೇ. ನಂತರ ನೀರಿನಲ್ಲಿ ತೊಳೆದು, ಗ್ಲಿಸರಿನ್ ತುಂಬಿದ ಪುಟ್ಟ ಕೊಳವೆಯಲ್ಲಿಟ್ಟು ಅದೇ ಹುಳದ ಸೂಜಿಗೇ ಚುಚ್ಚಿಡಬೇಕು. ಬೇರೆ ಡಬ್ಬಿಯಲ್ಲಿಟ್ಟರೆ ಯಾವುದು ಯಾರದೆಂದು ನಾಳೆ ತಿಳಿಯುವುದಿಲ್ಲ.

ಇಷ್ಟಾದ ಮೇಲೆ ಹೋಲಿಕೆ, ನಿಜವಾದ ಕೆಲಸ ಇದೇ. ಮೊದಲು ಕುಲ ಗುರುತಿಸಿ, ಆ ಕುಲದಲ್ಲಿ ಭಾರತ, ಶ್ರೀಲಂಕಾ, ಮ್ಯಾನ್ಮಾರ್‌ಗಳಿಂದ ವರದಿಯಾದ ಎಲ್ಲ ಪ್ರಭೇದಗಳ ಪಟ್ಟಿ ಮಾಡಿ. 2008–09ರಲ್ಲಿ ಐದು ಸಂಪುಟಗಳಲ್ಲಿ ಬಂದ ಕೀಟತಜ್ಞ ಬೆಲ್ಲಮಿಯವರ ಜೀರ್ಜಿಂಬೆಗಳ ವಿಶ್ವ ಸೂಚಿಯಿಂದ ಶುರು ಮಾಡಿ, ನಂತರದ ಪ್ರಬಂಧಗಳನ್ನು ಸೇರಿಸಿಕೊಳ್ಳಿ. ಹಳೆಯ ವಿವರಣೆಗಳು ಲ್ಯಾಟಿನ್, ಫ್ರೆಂಚ್, ಜರ್ಮನ್‌ನಲ್ಲಿ ನಾಲ್ಕೈದು ಸಾಲು ಮಾತ್ರ ಇರುವುದುಂಟು. ಅವನ್ನು ಓದಿ ನಿರ್ಧರಿಸಲಾಗದು. ಮೂಲ ಮಾದರಿಗಳು ಲಂಡನ್, ಪ್ಯಾರಿಸ್, ಪ್ರಾಗ್‌ನ ಸಂಗ್ರಹಾಲಯಗಳಲ್ಲಿ ಹರಡಿಕೊಂಡಿವೆ, ಕೇಳಿದರೆ ಫೋಟೊ ಸಿಗುತ್ತದೆ. ಅವನ್ನು ನೋಡದೆ ‘ಹೊಸದು’ ಎಂದರೆ ನೂರು ವರ್ಷದ ಹಳೆಯ ಹೆಸರಿಗೆ ಇನ್ನೊಂದು ಹೆಸರು ಅಂಟಿಸಿದಂತೆ. ಜೀರ್ಜಿಂಬೆಗಳ ಪಟ್ಟಿಯಲ್ಲಿ ಅಂಥ ಜೋಡಿ ಹೆಸರು ಈಗಾಗಲೇ ಬೇಕಾದಷ್ಟಿವೆ.

ಒಂದೇ ಹುಳದಿಂದ ಪ್ರಭೇದ ವಿವರಿಸಲು ನಿಯಮದ ಅಡ್ಡಿಯಿಲ್ಲ. ಆದರೂ ಅದೇ ಜಾಗಕ್ಕೆ ಮತ್ತೆ ಹೋಗಿ. ಬಿಸಿಲೇರಿದರೆ ಇವು ಕೈಗೆ ಸಿಗದೆ ಹಾರುತ್ತವೆ; ಬೆಳಿಗ್ಗೆ ತಂಪಿನಲ್ಲಿ ಕೊಂಬೆಯ ಕೆಳಗೆ ಕೊಡೆ ತಲೆಕೆಳಗಾಗಿ ಹಿಡಿದು ಕೋಲಿನಿಂದ ಬಡಿದರೆ ಕಾಲು ಮಡಚಿಕೊಂಡು ಉದುರುತ್ತವೆ. ಮತ್ತೊಂದು ಮಾತು: ‘ಜಾಲಿ’ ಎಂದಷ್ಟೇ ಬರೆದರೆ ಸಾಲದು. ಕರಿಜಾಲಿಯೋ, ಬಿಳಿಜಾಲಿಯೋ, ಹೊರದೇಶದಿಂದ ಬಂದು ನಿಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿಯೋ ಎಂಬುದು ಬೇಕು.

ಪ್ರಶ್ನೆ: ಕಾಲೇಜಿನ ಸಂಗ್ರಹಕ್ಕೆ ಹಿಡಿದ ಹುಳಗಳಿಗೆ ಬೂಷ್ಟು ಬಂತು. ಕೆಲವು ಜಿಡ್ಡು ಹಿಡಿದು ಹೊಳಪು ಕಳೆದುಕೊಂಡಿವೆ. ಎಲ್ಲಿ ತಪ್ಪಿದೆವು?
— ಉಪನ್ಯಾಸಕರು, ಗಂಗಾವತಿ

ಉತ್ತರ: ಪೂರ್ತಿ ಒಣಗಿಸದೆ ಪೆಟ್ಟಿಗೆ ಮುಚ್ಚಿದ್ದೀರಿ. ಮಳೆಗಾಲದಲ್ಲಿ ದೊಡ್ಡ ಹುಳ ಒಣಗಲು ಎರಡು ಮೂರು ವಾರ ಬೇಕು. ಬೂಷ್ಟನ್ನು ಆಲ್ಕೊಹಾಲ್ ಅದ್ದಿದ ಮೆತ್ತನೆಯ ಕುಂಚದಿಂದ ತೆಗೆಯಬಹುದು. ಆದರೆ ಮೈಮೇಲೆ ಬಿಳಿ ಅಥವಾ ಹಳದಿ ಪುಡಿ ಇರುವ ಪ್ರಭೇದಗಳಿಗೆ ಆಲ್ಕೊಹಾಲ್ ತಾಗಿಸಬೇಡಿ, ಪುಡಿ ತೊಳೆದು ಹೋಗುತ್ತದೆ, ಅದೂ ಒಂದು ಗುರುತು. ಜಿಡ್ಡು ಹುಳದ ಒಳಗಿನ ಕೊಬ್ಬಿನಿಂದ ಬಂದದ್ದು; ಅಸಿಟೋನ್‌ನಲ್ಲಿ ಒಂದು ರಾತ್ರಿ ಮುಳುಗಿಸಿಟ್ಟು ಗಾಳಿಗೆ ಒಣಗಿಸಿದರೆ ಹೊಳಪು ಮರಳುತ್ತದೆ. ಅಸಿಟೋನ್ ಬೆಂಕಿಗೆ ತಕ್ಷಣ ಹತ್ತಿಕೊಳ್ಳುತ್ತದೆ, ಒಲೆಯ ಹತ್ತಿರ ಬೇಡ.

ಸೂಜಿ ಬಲ ಮೇಲ್ರೆಕ್ಕೆಯ ಮುಂಭಾಗದಲ್ಲಿ ಇಳಿಯಬೇಕು, ನಡುವೆ ಅಲ್ಲ. ಎಡಭಾಗ ಪೂರ್ಣವಾಗಿ ಉಳಿಯಲಿ ಎಂದು ಈ ಪದ್ಧತಿ. 5–6 ಮಿ.ಮೀ.ಗಿಂತ ಚಿಕ್ಕದಕ್ಕೆ ಸೂಜಿಯೇ ಬೇಡ, ತ್ರಿಕೋನ ಕಾರ್ಡಿನ ತುದಿಗೆ ಅಂಟಿಸಿ. ಡಿಎನ್‌ಎ ಬೇಕಿದ್ದರೆ ಈಥೈಲ್ ಅಸಿಟೇಟ್‌ನಿಂದ ಕೊಲ್ಲದೆ ಒಂದೆರಡು ಹುಳಗಳನ್ನು ಶೇ. 95ಕ್ಕಿಂತ ಹೆಚ್ಚಿನ ಆಲ್ಕೊಹಾಲ್‌ಗೆ ಹಾಕಿ. ಪ್ರಭೇದ ಗುರುತಿಸುವ ಡಿಎನ್‌ಎ ಬಾರ್‌ಕೋಡ್‌ಗೆ ಸಿಒಐ ಎಂಬ ಜೀನಿನ 658 ಅಕ್ಷರಗಳ ತುಣುಕು ಸಾಕು, ಅದಕ್ಕೆ ಒಂದು ಕಾಲು ಕೊಟ್ಟರಾಯಿತು.

ಲೇಬಲ್ ಇಲ್ಲದ ಹುಳ ಒಡವೆಯಷ್ಟೇ, ಮಾದರಿಯಲ್ಲ. ರಾಜ್ಯ, ಜಿಲ್ಲೆ, ಊರು, ಅಕ್ಷಾಂಶ–ರೇಖಾಂಶ, ಎತ್ತರ, ತಾರೀಖು, ಗಿಡ, ಹಿಡಿದವರ ಹೆಸರು ಇಷ್ಟೂ ಅದೇ ಸೂಜಿಯಲ್ಲಿರಲಿ. ತಿಂಗಳನ್ನು ರೋಮನ್ ಅಂಕಿಯಲ್ಲಿ ಬರೆದರೆ 7-8 ಎಂಬುದು ಜುಲೈಯೋ ಆಗಸ್ಟೋ ಎಂಬ ಗೊಂದಲ ಬಾರದು.

ಪ್ರಶ್ನೆ: ಹೊಸ ಪ್ರಭೇದಕ್ಕೆ ನಮ್ಮ ಊರಿನ ಹೆಸರಿಡಬಹುದೆ? ಸುದ್ದಿಯನ್ನು ಮೊದಲು ದಿನಪತ್ರಿಕೆಗೆ ಕೊಟ್ಟರೆ ಆಗದೆ?
— ಮಸ್ಕಿ

ಉತ್ತರ: ಊರಿನ ಹೆಸರಿಡಬಹುದು: ‘ಮಸ್ಕಿಯೆನ್ಸಿಸ್’ ಎಂಬಂತೆ. ವ್ಯಕ್ತಿಯ ಹೆಸರಾದರೆ ಗಂಡಸಿಗೆ ‘ಐ’, ಹೆಂಗಸಿಗೆ ‘ಏ’ ಪ್ರತ್ಯಯ ಸೇರುತ್ತದೆ. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದನ್ನು ನಿಯಮ ತಡೆಯದು, ಮರ್ಯಾದೆ ತಡೆಯುತ್ತದೆ. ಅದೇ ಕುಲದಲ್ಲಿ ಆ ಹೆಸರು ಈಗಾಗಲೇ ಇರಬಾರದು.

ಪತ್ರಿಕೆಗೆ ಮೊದಲು ಕೊಡಬೇಡಿ. ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ಪ್ರಕಾರ ಹೆಸರು ಹೊಸದೆಂದು ಸ್ಪಷ್ಟವಾಗಿ ಹೇಳಿರಬೇಕು, ಬೇರೆಯವುಗಳಿಂದ ಹೇಗೆ ಭಿನ್ನ ಎಂಬ ವಿವರಣೆ ಜೊತೆಗಿರಬೇಕು. 2000ದಿಂದೀಚೆಗೆ ಹೋಲೋಟೈಪ್ (ಹೆಸರಿಗೆ ಆಧಾರವಾದ ಒಂದು ಮಾದರಿ) ಯಾವುದು, ಯಾವ ಸಂಗ್ರಹಾಲಯದಲ್ಲಿದೆ ಎಂಬುದನ್ನೂ ನಮೂದಿಸಲೇಬೇಕು. ಆನ್‌ಲೈನ್‌ನಲ್ಲಷ್ಟೇ ಬರುವ ನಿಯತಕಾಲಿಕೆಯಾದರೆ ಪ್ರಬಂಧವು ಪ್ರಕಟಣೆಗೆ ಮುನ್ನ ಜೂಬ್ಯಾಂಕ್ ಎಂಬ ಪ್ರಾಣಿಹೆಸರುಗಳ ಆನ್‌ಲೈನ್ ದಾಖಲೆಯಲ್ಲಿ ನೋಂದಣಿಯಾಗಿ, ಆ ನೋಂದಣಿಯ ಸಾಕ್ಷ್ಯ ಪ್ರಬಂಧದಲ್ಲೇ ಕಾಣಬೇಕು. ವಿವರಣೆಯಿಲ್ಲದೆ ಹೊರಬಿದ್ದ ಹೆಸರು ‘ಬೆತ್ತಲೆ ಹೆಸರು’ ಎನಿಸಿಕೊಳ್ಳುತ್ತದೆ. ಮುಂದೆ ಅದೇ ಹೆಸರನ್ನು ಬೇರೆಯವರು ಬೇರೆ ಹುಳಕ್ಕೂ ಬಳಸಬಹುದು.

ಹುಡುಕುವ ಜಾಗ ನಿಮ್ಮ ಹೊಲವಾದರೆ ತೊಂದರೆಯಿಲ್ಲ. ದರೋಜಿ ಕರಡಿಧಾಮದಂಥ ಅಭಯಾರಣ್ಯದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಹೊಸ ಪ್ರಭೇದ ಸಿಕ್ಕಿದಾಗ ನಿಯುಕ್ತ ಸಂಗ್ರಹಾಲಯಕ್ಕೆ ತಿಳಿಸಿ, ಮಾದರಿಯನ್ನು ಅಲ್ಲಿಡಬೇಕೆಂದು 2002ರ ಜೀವವೈವಿಧ್ಯ ಕಾಯ್ದೆ ಹೇಳುತ್ತದೆ. ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಅಂಥದ್ದೊಂದು. ಹುಳವನ್ನು ಹೊರದೇಶದ ತಜ್ಞರಿಗೆ ಸುಮ್ಮನೆ ಕೊರಿಯರ್ ಮಾಡಬೇಡಿ, ಫೋಟೊ ಕಳಿಸಿ.

ಪ್ರಶ್ನೆ: ಶೇಂಗಾ ಗಿಡ ಬಾಡಿ ನಿಂತಿದೆ. ಕಿತ್ತರೆ ಬುಡದಲ್ಲೇ ಮುರಿಯುತ್ತದೆ, ಬೇರಿನೊಳಗೆ ತಲೆ ಕಡೆ ಅಗಲವಾದ ಬಿಳಿ ಹುಳ. ಇದು ಗೊಣ್ಣೆಹುಳವೆ?
— ರೈತರು, ದೇವದುರ್ಗ

ಉತ್ತರ: ಅಲ್ಲ. ಗೊಣ್ಣೆಹುಳ ಕೊಂಡಿಯಂತೆ ಬಾಗಿರುತ್ತದೆ, ಅದಕ್ಕೆ ಆರು ಕಾಲಿವೆ. ನಿಮ್ಮದಕ್ಕೆ ಕಾಲಿಲ್ಲ, ಮೈ ನೇರ: ಜೀರ್ಜಿಂಬೆಯ ಮರಿ. ಶೇಂಗಾದಲ್ಲಿ ಹೀಗೆ ಕೊರೆಯುವುದು ಸಾಮಾನ್ಯವಾಗಿ ಸ್ಫೆನಾಪ್ಟೆರಾ ಇಂಡಿಕಾ. ಹತ್ತಿಯ ಕಾಂಡ ಕೊರೆಯುವ ಇದರ ಸೋದರ ಸ್ಫೆನಾಪ್ಟೆರಾ ಗಾಸಿಪೈ. ಬಾಡಿದ ಗಿಡವನ್ನು ಬೇರುಸಮೇತ ಅಗೆದು ಸುಡಿ. ಬರೀ ಎಳೆದರೆ ಬುಡ ಮುರಿದು ಹುಳ ಮಣ್ಣಿನಲ್ಲೇ ಉಳಿಯುತ್ತದೆ. ಸುಡುವ ಮುನ್ನ ನಾಲ್ಕೈದು ಗಿಡಗಳ ಬುಡವನ್ನು ತುಸು ತೇವದ ಮರಳಿನೊಡನೆ ಡಬ್ಬಿಗೆ ಹಾಕಿ ಬಟ್ಟೆ ಕಟ್ಟಿಡಿ. ಹೊರಬಂದ ದುಂಬಿಯನ್ನು ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗಕ್ಕೆ ಒಯ್ದರೆ ಹೆಸರು ಖಚಿತವಾಗುತ್ತದೆ. ಮರಿಯನ್ನಷ್ಟೇ ನೋಡಿ ಪ್ರಭೇದ ಹೇಳುವುದು ಕಷ್ಟ.