ಚಿವಿತಾವೆಕ್ಕಿಯಾ ಬಂದರಿನಿಂದ ಒಂದೇ ದಿನದಲ್ಲಿ ರೋಮ್‌ಗೆ ಹೋಗಿಬರುವುದು ಹೇಗೆ?

ನಿಮ್ಮ ಕ್ರೂಸ್ ಹಡಗು ಬೆಳಿಗ್ಗೆ 7ಕ್ಕೆ ಬಂದು ಸಂಜೆ 7ಕ್ಕೆ ಹೊರಡುವುದಾದರೆ, ಬೆಂಗಳೂರಿನಿಂದ ಜೊತೆಗೆ ಬರುವ ವಯಸ್ಸಾದ ತಂದೆತಾಯಿಯರೊಡನೆಯೂ ರೈಲಿನಲ್ಲಿ ರೋಮ್‌ಗೆ ಹೋಗಿಬರಬಹುದು. ಕಾರ್ಯಕ್ರಮಪಟ್ಟಿಯಲ್ಲಿ ‘ರೋಮ್’ ಎಂದಿದ್ದರೂ ಹಡಗು ನಿಲ್ಲುವ ಚಿವಿತಾವೆಕ್ಕಿಯಾ ಅಲ್ಲಿಂದ ಸುಮಾರು 80 ಕಿ.ಮೀ. ದೂರದಲ್ಲಿದೆ, ಬೆಂಗಳೂರಿನಿಂದ ಮದ್ದೂರಿಗಿರುವಷ್ಟು ಎನ್ನಬಹುದು.

ಬಂದರಿನ ಶಟಲ್ ಬಸ್ಸು ನಿಮ್ಮನ್ನು ಲಾರ್ಗೋ ದೆಲ್ಲಾ ಪಾಚೆ ಎಂಬಲ್ಲಿ ಇಳಿಸುತ್ತದೆ. ಅಲ್ಲಿಂದ ರೈಲು ನಿಲ್ದಾಣಕ್ಕೆ ಸ್ಥಳೀಯ ಬಸ್ಸಿದೆ. ನಡೆದರೆ ಸುಮಾರು 20 ನಿಮಿಷ. ಪ್ರಾದೇಶಿಕ ರೈಲಿನಲ್ಲಿ ರೋಮ್‌ನ ಮುಖ್ಯ ನಿಲ್ದಾಣವಾದ ಟೆರ್ಮಿನಿ ತಲುಪಲು ಒಂದು ಗಂಟೆಗಿಂತ ತುಸು ಹೆಚ್ಚು ಹಿಡಿಯುತ್ತದೆಯಾದರೂ, ಮೊದಲು ವ್ಯಾಟಿಕನ್ ನೋಡುವ ಆಸೆಯಿದ್ದರೆ ಅದಕ್ಕೂ ಮುಂಚೆಯೇ ಸಿಗುವ ರೋಮಾ ಸಾನ್ ಪಿಯೆತ್ರೊ ನಿಲ್ದಾಣದಲ್ಲಿ ಇಳಿಯುವುದು ಜಾಣತನ, ಏಕೆಂದರೆ ಅಲ್ಲಿಂದ ಸಂತ ಪೀಟರರ ಬೆಸಿಲಿಕಾ ಕಾಲ್ನಡಿಗೆಯ ದೂರದಲ್ಲಿದೆ. ಭುಜ, ಮಂಡಿ ಮುಚ್ಚುವ ಉಡುಪಿಲ್ಲದೆ ಒಳಗೆ ಬಿಡುವುದಿಲ್ಲ. ಸೀರೆ ಉಟ್ಟವರೂ ಭುಜಕ್ಕೊಂದು ಶಾಲು ಇಟ್ಟುಕೊಳ್ಳಲಿ. ಕಾಗದದ ಟಿಕೆಟ್ ಕೊಂಡರೆ ರೈಲು ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸದಿದ್ದರೆ ದಂಡ ತೆರಬೇಕಾಗುತ್ತದೆ.

ಸ್ವಂತವಾಗಿ ಹೋದವರಿಗಾಗಿ ಹಡಗು ಕಾಯುವುದಿಲ್ಲ. ಇಟಲಿಯಲ್ಲಿ ರೈಲ್ವೆ ಮುಷ್ಕರಗಳೂ ಅಪರೂಪವಲ್ಲವಾದ್ದರಿಂದ, ಹಡಗೇರಲು ನಿಗದಿಯಾದ ಕೊನೆಯ ಸಮಯಕ್ಕೆ ಎರಡು ಗಂಟೆ ಮೊದಲೇ ಚಿವಿತಾವೆಕ್ಕಿಯಾ ಸೇರುವ ರೈಲನ್ನು ಹಿಡಿಯಿರಿ. ಹಡಗು ನಡುವೆ ಷೆಂಗೆನ್ ವಲಯದ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಹೊರಗಿನ ಬಂದರಿಗೂ ಹೋಗುವುದಾದರೆ, ಬೆಂಗಳೂರಿನಲ್ಲಿ ವೀಸಾಕ್ಕೆ ಅರ್ಜಿ ಹಾಕುವಾಗಲೇ ಬಹುಪ್ರವೇಶದ ವೀಸಾ ಕೇಳಿರಿ.