ವಾಲಿದ ದವಡೆ ಹಲ್ಲು: ನಿಮ್ಮ ಲೇಖನ ಎಲ್ಲಿ ಸೋತಿದೆ

ನಮಸ್ಕಾರ.

ಕೆಳಗಿನ ಮೊದಲ ದವಡೆ ಹಲ್ಲು ಕೀಳಿಸಿ ಹಾಗೇ ಬಿಟ್ಟರೆ ಹಿಂದಿನ ಹಲ್ಲು ಆ ಸಂದಿಗೆ ವಾಲುತ್ತದೆ, ಅದನ್ನು ನೆಟ್ಟಗೆ ನಿಲ್ಲಿಸುವ ಚಿಕಿತ್ಸೆಗಳಿವೆ ಎಂಬ ನಿಮ್ಮ ಲೇಖನ ಓದಿದೆವು. ಈಗಿನ ರೂಪದಲ್ಲಿ ಪ್ರಕಟಿಸಲಾಗದು. ಭಾಷೆ ಸಲೀಸಾಗಿದೆ, ವಿಷಯ ಬೇಕಾದದ್ದೇ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇವೆ.

ದೊಡ್ಡ ತೊಂದರೆ ಲೇಖನದ ಕಟ್ಟಿನದು. ಬ್ರೇಸಸ್, ಅಲೈನರ್ (ಹಾಕಿ ತೆಗೆಯಬಹುದಾದ ಪಾರದರ್ಶಕ ಅಚ್ಚು), ಮಿನಿ ಸ್ಕ್ರೂ (ಆಸರೆಗೆಂದು ಎಲುಬಿಗೆ ಹಾಕುವ ಪುಟ್ಟ ತಿರುಪು) ಎಂದು ಸಾಮಾನುಗಳ ಹೆಸರಿಂದಲೇ ಶುರು ಮಾಡಿದ್ದೀರಿ. ಅದಕ್ಕೂ ಮೊದಲು ತೀರ್ಮಾನವಾಗಬೇಕಾದದ್ದು, ಆ ಖಾಲಿ ಜಾಗ ಏನಾಗಬೇಕು ಎಂಬುದು. ಹಲ್ಲಿನ ಮೇಲ್ಭಾಗವನ್ನು ಹಿಂದಕ್ಕೆ ಎತ್ತಿ ನಿಲ್ಲಿಸಿದರೆ ಜಾಗ ಹಿಗ್ಗುತ್ತದೆ. ಅಲ್ಲಿ ಇಂಪ್ಲಾಂಟ್ (ಎಲುಬಿಗೆ ಕೂರಿಸುವ ಕೃತಕ ಬೇರು) ಅಥವಾ ಬ್ರಿಜ್ (ಅಕ್ಕಪಕ್ಕದ ಹಲ್ಲುಗಳ ಆಧಾರದಲ್ಲಿ ಕಟ್ಟುವ ಹಲ್ಲು) ಬರಬೇಕು. ಬೇರನ್ನು ಮುಂದಕ್ಕೆ ಎಳೆದು ತಂದರೆ ಜಾಗ ಮುಚ್ಚುತ್ತದೆ, ಕಟ್ಟಿಸುವ ಹಲ್ಲೇ ಬೇಡ. ಮೊದಲನೆಯದು ಕೆಲವು ತಿಂಗಳ ಕೆಲಸ. ಎರಡನೆಯದು ಎರಡು ವರ್ಷ ದಾಟಬಹುದು, ಏಕೆಂದರೆ ಹಲ್ಲು ಹೋಗಿ ಬಹಳ ಕಾಲ ಕಳೆದ ಕಡೆ ಎಲುಬು ಸವೆದು ಕಿರಿದಾಗಿರುತ್ತದೆ. ಅದರೊಳಗೆ ಬೇರು ಸರಿಯುವುದು ನಿಧಾನ. ಇದೊಂದು ತಿಳಿದರೆ ಉಳಿದ ಆಯ್ಕೆಗಳು ಓದುಗನಿಗೆ ತಾವಾಗಿ ಅರ್ಥವಾಗುತ್ತವೆ.

ಜಾಗ ಎಷ್ಟು ಬೇಕು ಎಂಬ ಅಂಕಿಯೇ ಲೇಖನದಲ್ಲಿಲ್ಲ. 4 ಮಿ.ಮೀ. ದಪ್ಪದ ಇಂಪ್ಲಾಂಟಿಗೆ ಎರಡೂ ಪಕ್ಕ ತಲಾ 1.5 ಮಿ.ಮೀ. ಎಲುಬು ಉಳಿಯಬೇಕು, ಅಂದರೆ ಕನಿಷ್ಠ 7 ಮಿ.ಮೀ. ಕಳೆದುಹೋದ ಹಲ್ಲೇ ಸುಮಾರು 11 ಮಿ.ಮೀ. ಅಗಲದ್ದು. ಹಲ್ಲು ಕಟ್ಟುವ ವೈದ್ಯರು ಎಷ್ಟು ಜಾಗ ಬೇಕೆಂದು ಮೊದಲೇ ಹೇಳಿದ ಮೇಲೆ, ಹಲ್ಲನ್ನು ಎತ್ತಿ ನಿಲ್ಲಿಸುವ ಸ್ಪ್ರಿಂಗ್ ಹಾಕಬೇಕು. "ವಾಲಿದ್ದರೂ ಅರೆದು ಬ್ರಿಜ್ ಕೂರಿಸಬಹುದು" ಎಂದಿದ್ದೀರಿ. ಅಲ್ಪಸ್ವಲ್ಪ ವಾಲಿದ್ದರೆ ಹೌದು. 25 ಡಿಗ್ರಿ ದಾಟಿದರೆ, ಎರಡೂ ಆಧಾರದ ಹಲ್ಲುಗಳನ್ನು ಒಂದೇ ದಿಕ್ಕಿಗೆ ಅರೆಯುವಷ್ಟರಲ್ಲಿ ಒಳಗಿನ ನರ ಹತ್ತಿರವಾಗುತ್ತದೆ.

"ಸ್ಪ್ರಿಂಗ್ ಹಲ್ಲನ್ನು ನೆಟ್ಟಗೆ ಮಾಡುತ್ತದೆ" ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಲೇಖನದ ಜೀವ ಇರಬೇಕಾದದ್ದು ಅಲ್ಲೇ. ವಾಲಿದ ದವಡೆ ಹಲ್ಲಿಗೆ ಟ್ಯೂಬ್, ಅಂದರೆ ತಂತಿ ತೂರಿಸುವ ಪುಟ್ಟ ಕೊಳವೆ. ಮುಂದಿನ ಎರಡು ಪ್ರೀಮೋಲಾರ್ (ಕೋರೆಹಲ್ಲು ಮತ್ತು ದವಡೆ ಹಲ್ಲಿನ ನಡುವಿನ ಹಲ್ಲು) ಮತ್ತು ಕೋರೆಹಲ್ಲಿಗೆ ಬ್ರಾಕೆಟ್ (ತಂತಿ ಹಿಡಿಯುವ ಪುಟ್ಟ ಬಿಲ್ಲೆ), ಅವನ್ನು ಬಿಗಿಯುವ ದಪ್ಪ ಸ್ಟೀಲ್ ತಂತಿ. ನಾಲಿಗೆ ಬದಿಯಲ್ಲಿ ಕೋರೆಯಿಂದ ಕೋರೆಗೆ ಅಂಟಿಸಿದ ಇನ್ನೊಂದು ತಂತಿ, ಆಸರೆಯ ಹಲ್ಲುಗಳೇ ಸರಿಯದಿರಲಿ ಎಂದು. 0.017 × 0.025 ಇಂಚಿನ ಟಿಎಂಎ (ಟೈಟಾನಿಯಂ ಮಿಶ್ರಲೋಹ) ತಂತಿಯಲ್ಲಿ ಒಂದು ಸುರುಳಿ ಸುತ್ತಿ, ಒಂದು ತುದಿಯನ್ನು ಟ್ಯೂಬಿಗೆ ತೂರಿಸುತ್ತಾರೆ. ಆಗ ಇನ್ನೊಂದು ತುದಿ ಕೆಳಗೆ, ವಸಡಿನ ಬುಡದ ಕಡೆ ಬಿದ್ದಿರುತ್ತದೆ. ಅದನ್ನು ಮೇಲೆತ್ತಿ ಕೋರೆಹಲ್ಲಿನ ಹಿಂದೆ ತಂತಿಗೆ ಕೊಕ್ಕೆ ಹಾಕಿದರೆ ಸ್ಪ್ರಿಂಗಿಗೆ ಬಲ ಬರುತ್ತದೆ.

ಆ ಬಲ ಹಲ್ಲನ್ನು ಹಿಂದಕ್ಕಷ್ಟೇ ತಿರುಗಿಸುವುದಿಲ್ಲ, ಮೇಲಕ್ಕೂ ಎತ್ತುತ್ತದೆ. ರೋಗಿಗೆ ಮೊದಲು ಗೊತ್ತಾಗುವುದು ಇದೇ: ಬಾಯಿ ಮುಚ್ಚಿದಾಗ ಆ ಒಂದು ಹಲ್ಲು ಮೊದಲು ತಗುಲುತ್ತದೆ, ನೋಯುತ್ತದೆ, ಅಲುಗುತ್ತದೆ. ಹಾಗಾಗಿ ಭೇಟಿ ಭೇಟಿಗೆ ಅದರ ಮೇಲ್ಮೈಯನ್ನು ತುಸು ತುಸು ಅರೆಯಬೇಕು. ನೀವು ಇದನ್ನು ಬಿಟ್ಟಿದ್ದರಿಂದ, ಓದಿದವರು ಚಿಕಿತ್ಸೆ ಕೆಟ್ಟಿತೆಂದು ಗಾಬರಿಯಾಗುತ್ತಾರೆ. ಪ್ರೀಮೋಲಾರ್ ಮತ್ತು ವಾಲಿದ ಹಲ್ಲಿನ ನಡುವೆ ಒತ್ತಿ ಕೂರಿಸುವ ಕಾಯಿಲ್ (ಸುರುಳಿ) ಸ್ಪ್ರಿಂಗಿನ ಸ್ವಭಾವ ಬೇರೆ: ಅದು ಪ್ರೀಮೋಲಾರನ್ನೂ ಮುಂದಕ್ಕೆ ತಳ್ಳುತ್ತದೆ. ಪ್ರೀಮೋಲಾರ್ ಮೊದಲೇ ಸಂದಿಯ ಕಡೆ ಸರಿದಿದ್ದರೆ ಲಾಭ, ಇಲ್ಲದಿದ್ದರೆ ಮುಂದಿನ ಹಲ್ಲುಗಳು ಇಕ್ಕಟ್ಟಾಗುತ್ತವೆ.

"ಮಿನಿ ಸ್ಕ್ರೂ ಅಲುಗಾಡದು" ಎಂಬುದನ್ನು ಹೊಡೆದುಹಾಕಿ. ಇಂಪ್ಲಾಂಟಿನಂತೆ ಎಲುಬಿಗೆ ಬೆಸೆದುಕೊಳ್ಳುವ ವಸ್ತುವಲ್ಲ ಅದು; ಹಿಡಿತದ ಮೇಲೆ ನಿಲ್ಲುತ್ತದೆ, ಸಡಿಲವಾದರೆ ತೆಗೆದು ಬೇರೆಡೆ ಹಾಕಬೇಕು. ಹಲ್ಲಿನ ಹಿಂದೆ ಹಾಕಿದಾಗ ಅಲ್ಲಿನ ದಪ್ಪ ವಸಡು ಅದನ್ನು ಮುಚ್ಚಿಬಿಡುವುದೂ ಉಂಟು. ಅದರ ನಿಜವಾದ ಲಾಭ, ಮುಂದಿನ ಹಲ್ಲುಗಳ ಮೇಲೆ ಭಾರ ಬೀಳದಿರುವುದು. ಅಲೈನರ್‌ಗೆ ಎರಡು ಸಾಲು ಸಾಕು: ವಾಲಿಕೆ ಕಡಿಮೆ ಇದ್ದು, ದಿನಕ್ಕೆ 20–22 ಗಂಟೆ ಧರಿಸುವವರಿಗೆ ಸರಿ.

ಬುದ್ಧಿಹಲ್ಲಿನ ಮಾತೇ ಇಲ್ಲವಲ್ಲ? ಅದು ಹಿಂದೆ ಅಡ್ಡ ಕೂತಿದ್ದರೆ ಈ ಹಲ್ಲು ಹೋಗುವುದೆಲ್ಲಿಗೆ? ಸಾಮಾನ್ಯವಾಗಿ ಅದನ್ನು ಮೊದಲು ತೆಗೆಸುತ್ತಾರೆ. ಎದುರಿನ ಮೇಲಿನ ಹಲ್ಲು ಸಂದಿಗೆ ಇಳಿದುಬಂದಿದ್ದರೆ ಅದಕ್ಕೂ ದಾರಿ ನೋಡಬೇಕು.

ಒಂದು ತಪ್ಪನ್ನಂತೂ ಬಿಡಲಾಗದು. "ಹಲ್ಲು ನೆಟ್ಟಗಾದರೆ ಕಳೆದ ಎಲುಬು ಬೆಳೆಯುತ್ತದೆ" ಎಂದು ಬರೆದಿದ್ದೀರಿ. ವಾಲಿದ ಹಲ್ಲಿನ ಮುಂಬದಿಯಲ್ಲಿ ವಸಡು ಮಡಚಿ, ಬ್ರಷ್ ತಲುಪದ ಗುಳಿಯಾಗಿರುತ್ತದೆ. ಹಲ್ಲು ಎದ್ದು ನಿಂತಾಗ ಗುಳಿಯ ಆಳ ಕಡಿಮೆಯಾಗುತ್ತದೆ, ಶುಚಿ ಮಾಡುವುದು ಸುಲಭವಾಗುತ್ತದೆ. ಇಷ್ಟೇ ಹೇಳಿ. ವಸಡಿನ ರೋಗ ಇದ್ದವರಿಗೆ ಅದರ ಚಿಕಿತ್ಸೆ ಮೊದಲು. ಬೇರು ಕವಲೊಡೆಯುವಲ್ಲಿ ಎಲುಬು ಕರಗಿದ್ದರೆ, ಹಲ್ಲು ಮೇಲೆದ್ದಂತೆ ಆ ಕವಲು ಇನ್ನಷ್ಟು ಬಯಲಾಗುತ್ತದೆ.

ಕೊನೆಗೆ, ಬ್ರಾಕೆಟ್ ಬಿಚ್ಚಿದಲ್ಲಿಗೆ ಲೇಖನ ನಿಲ್ಲಿಸಿದ್ದೀರಿ. ಬಿಚ್ಚಿ ಹಾಗೇ ಬಿಟ್ಟರೆ ಹಲ್ಲು ಮತ್ತೆ ವಾಲುತ್ತದೆ. ಬ್ರಿಜ್ ಕೂರುವವರೆಗೆ, ಇಂಪ್ಲಾಂಟ್ ಆದರೆ ಎಲುಬಿಗೆ ಹತ್ತುವ 3ರಿಂದ 6 ತಿಂಗಳೂ, ಗಟ್ಟಿ ತಂತಿಯಿಂದ ಜಾಗ ಹಿಡಿದಿಡಬೇಕು. ಅದಕ್ಕೊಂದು ಪರಿಚ್ಛೇದ ಸೇರಿಸಿ. ಸ್ಪ್ರಿಂಗ್ ಕೊಕ್ಕೆ ಹಾಕುವ ಮುಂಚಿನ ಮತ್ತು ನಂತರದ ಎರಡು ರೇಖಾಚಿತ್ರ ಜೊತೆಗಿರಲಿ. ದಂತವೈದ್ಯರ ಸಲಹೆ ಪಡೆಯಿರಿ ಎಂಬ ಸಾಲು ಮೂರು ಸಲ ಬಂದಿದೆ, ಒಂದು ಉಳಿಸಿ. ತಿದ್ದಿ ಕಳಿಸಿದರೆ ಮತ್ತೆ ಓದುತ್ತೇವೆ.

— ಸಂಪಾದಕರು