ಮನೆಯೊಳಗಿನ ಗಾಂಜಾ ಗಿಡದ ಬೇರಿಗೆ ಹುಳ ಬಿದ್ದಿದೆ, ಬಿಟಿಐ ಕೊಟ್ಟರೂ ಹೋಗುತ್ತಿಲ್ಲ. ಏನು ಮಾಡಲಿ?

ನೀವು ಬರೆದಿದ್ದನ್ನು ಮೊದಲು ಒಂದು ಸಲ ಹೇಳಿಬಿಡುತ್ತೇನೆ, ತಪ್ಪಿದ್ದರೆ ತಿದ್ದಿ. ನೀವಿರುವುದು ಕೆನಡಾದ ಒಂಟಾರಿಯೊದಲ್ಲಿ. ಬೇಸ್‌ಮೆಂಟಿನಲ್ಲಿ ಗಿಡ ಬೆಳೆಸುವ ಟೆಂಟ್ ಹಾಕಿ ಅದರಲ್ಲಿ ನಾಲ್ಕು ಗಿಡ ಇಟ್ಟಿದ್ದೀರಿ. ಕೆಳಗಿನ ಎಲೆಗಳು ಹಳದಿಯಾಗುತ್ತಿವೆ. ಕುಂಡದ ಸುತ್ತ ಕಪ್ಪನೆಯ ಪುಟ್ಟ ಹುಳಗಳು ಹಾರಾಡುತ್ತಿವೆ. ಫಂಗಸ್ ನ್ಯಾಟ್ (ಒದ್ದೆ ಮಣ್ಣಿನಲ್ಲಿ ಬೆಳೆಯುವ ಪುಟ್ಟ ನೊಣ) ಇರಬೇಕು ಅಂತ ಕೆಲವು ವಾರದಿಂದ ಬಿಟಿಐ (ಅದರ ಮರಿಹುಳ ಕೊಲ್ಲುವ ಬ್ಯಾಕ್ಟೀರಿಯಾ) ಬೆರೆಸಿದ ನೀರು ಕೊಡುತ್ತಿದ್ದೀರಿ. ಹುಳ ಕಡಿಮೆಯಾಗುವ ಬದಲು ಜಾಸ್ತಿಯಾಗಿವೆ.

ನಾನು ದಕ್ಷಿಣ ಒಂಟಾರಿಯೊದ ಗ್ರೀನ್‌ಹೌಸ್‌ಗಳಲ್ಲಿ ಕೀಟ ಗುರುತಿಸುವ ಕೆಲಸ ಮಾಡುತ್ತೇನೆ. ನನ್ನ ಅನುಮಾನ ಇಷ್ಟು: ನಿಮ್ಮಲ್ಲಿರುವುದು ಫಂಗಸ್ ನ್ಯಾಟ್ ಅಲ್ಲ, ಬೇರು ಹೇನು, ಅಂದರೆ ಬೇರಿಗೆ ಬೀಳುವ ಸಸ್ಯಹೇನು (ರೂಟ್ ಏಫಿಡ್). ಆದರೆ ನನ್ನ ಅನುಮಾನ ನಂಬಿಕೊಂಡು ಇನ್ನೊಂದು ಔಷಧಿ ತರಲು ಹೋಗಬೇಡಿ. ಮೊದಲು ಗಿಡವನ್ನು ಕುಂಡದಿಂದ ಹೊರಗೆ ತೆಗೆದು ನೋಡಿ.

ಊರಿನಲ್ಲಿ ಕೂತು ಓದುತ್ತಿರುವವರಿಗೆ ಒಂದು ಮಾತು. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಮನೆಗೆ ನಾಲ್ಕು ಗಿಡ ಬೆಳೆಸಲು ಕೇಂದ್ರದ ಕಾಯ್ದೆ ಬಿಡುತ್ತದೆ. ಕ್ವಿಬೆಕ್ ಪ್ರಾಂತ್ಯದಲ್ಲಿ ಅದಕ್ಕೂ ಅವಕಾಶವಿಲ್ಲ. ಭಾರತದಲ್ಲಿ 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯಡಿ ಪರವಾನಗಿ ಇಲ್ಲದೆ ಬೆಳೆಸುವುದು ಅಪರಾಧ. ಗುರುತಿಸುವ ಬಗ್ಗೆ ನಾನು ಹೇಳುವುದು ಟೊಮೇಟೊ, ಮೆಣಸಿನಕಾಯಿ ಕುಂಡಕ್ಕೂ ನಡೆಯುತ್ತದೆ.

ಈಗ ನೋಡುವುದು ಹೇಗೆ ಅಂತ ಹೇಳುತ್ತೇನೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಕೈಮಸೂರ ಬೇಕು. ದುಬಾರಿಯದೇನಲ್ಲ. ಹಾರುವ ಹುಳ ಅಂಟಿಕೊಳ್ಳಲಿ ಅಂತ ಕುಂಡದ ಹತ್ತಿರ ಇಡುವ ಹಳದಿ ಅಂಟು ಕಾರ್ಡ್ ಮೊದಲು ನೋಡಿ. ಫಂಗಸ್ ನ್ಯಾಟ್ ಆದರೆ ಸೊಳ್ಳೆಯ ಹಾಗೆ ಸಣಕಲು ಮೈ, ಉದ್ದ ಕಾಲು, ಎರಡೇ ರೆಕ್ಕೆ. ರೆಕ್ಕೆಯ ಮೇಲೆ ಇಂಗ್ಲಿಷಿನ ವೈ ಅಕ್ಷರದಂಥ ಒಂದು ಗೆರೆ ಕಾಣುತ್ತದೆ. ಹೇನಾದರೆ ಮೈ ಗುಂಡಗೆ, ರೆಕ್ಕೆ ನಾಲ್ಕು, ರೆಕ್ಕೆಗಳು ಮೈಗಿಂತ ಉದ್ದ. ಮುಖ್ಯವಾಗಿ ಹಿಂಭಾಗದಲ್ಲಿ ಎರಡು ಪುಟ್ಟ ಕೊಳವೆಗಳು ಚಾಚಿಕೊಂಡಿರುತ್ತವೆ. ಆ ಜೋಡಿ ಕೊಳವೆ ಕಂಡರೆ ಸಂಶಯವೇ ಬೇಡ, ಅದು ಹೇನು.

ಆಮೇಲೆ ಬೇರು. ಮಣ್ಣು ಸ್ವಲ್ಪ ಒಣಗಿದ ದಿನ ಕುಂಡವನ್ನು ಅಡ್ಡ ಮಲಗಿಸಿ, ಬದಿಗಳನ್ನು ಮೆಲ್ಲಗೆ ತಟ್ಟಿ, ಬೇರಿನ ಉಂಡೆಯನ್ನು ಇಡಿಯಾಗಿ ಜಾರಿಸಿ ತೆಗೆಯಿರಿ. ಮೇಲ್ಮಣ್ಣು ಕೆದಕಿ ನೋಡಿದರೆ ಸಾಲದು. ಬೇರು ಹೇನು ಜಾಸ್ತಿ ಸೇರುವುದು ಕುಂಡದ ಗೋಡೆಗೆ ತಾಗಿದ ಬೇರುಗಳ ಮೇಲೆ, ನೀರು ಹೋಗುವ ತೂತಿನ ಹತ್ತಿರ. ಮೊದಲು ಕಣ್ಣಿಗೆ ಬೀಳುವುದು ಬೂದಿ ಉದುರಿಸಿದ ಹಾಗೆ ಬಿಳಿ ಚೂರುಗಳು. ಅವು ಹೇನು ಕಳಚಿ ಬಿಟ್ಟ ಪೊರೆ. ಕೈಮಸೂರ ಹಿಡಿದು ಅಲ್ಲೇ ಸ್ವಲ್ಪ ಹೊತ್ತು ನೋಡುತ್ತಿರಿ. ಕಂದುಹಸಿರು ಬಣ್ಣದ, ಎಳ್ಳಿಗಿಂತ ಸಣ್ಣ ಹುಳಗಳು ಬೇರಿಗೆ ಮೂತಿ ಚುಚ್ಚಿಕೊಂಡು ಕೂತಿರುತ್ತವೆ. ಹಿಂಭಾಗದಲ್ಲಿ, ಆ ಎರಡು ಕೊಳವೆಗಳ ನಡುವೆ, ತುಕ್ಕು ಹಿಡಿದಂಥ ಕೆಂಪು ಮಚ್ಚೆ ಕಂಡರೆ ಅದು ಭತ್ತದ ಬೇರು ಹೇನು. ಉತ್ತರ ಅಮೆರಿಕದಲ್ಲಿ ಮನೆಯೊಳಗಿನ ಗಾಂಜಾ ಗಿಡದ ಬೇರಿಗೆ ಬೀಳುವ ಹೇನುಗಳಲ್ಲಿ ಮುಖ್ಯವಾದದ್ದು ಇದೇ. ಹೆಸರು ಕೇಳಿ ಆಶ್ಚರ್ಯ ಪಡಬೇಡಿ, ನಮ್ಮ ಕಡೆ ಭತ್ತದ ಬೇರಿಗೂ ಇದು ಬೀಳುತ್ತದೆ.

ಫಂಗಸ್ ನ್ಯಾಟ್‌ನ ಮರಿಹುಳ ಬೇರೆ ಥರ. ಕಾಲಿಲ್ಲದ, ಗಾಜಿನಂತೆ ಪಾರದರ್ಶಕ ಮೈ, ಹೊಳೆಯುವ ಕಪ್ಪು ತಲೆ. ಮಣ್ಣಿನ ಮೇಲೆ ಆಲೂಗಡ್ಡೆಯ ಒಂದು ತೆಳು ಬಿಲ್ಲೆ ಇಟ್ಟು ಎರಡು ಮೂರು ದಿನ ಬಿಟ್ಟು ತಿರುಗಿಸಿ ನೋಡಿ. ಇದ್ದರೆ ಅಡಿಯಲ್ಲಿ ಸಿಗುತ್ತವೆ.

ಇಷ್ಟೊಂದು ಒತ್ತಿ ಹೇಳಲು ಕಾರಣವಿದೆ. ಬಿಟಿಐ ಅನ್ನುವುದು ಒಂದು ಬ್ಯಾಕ್ಟೀರಿಯಾ. ಅದು ಸೊಳ್ಳೆ ಮತ್ತು ನ್ಯಾಟ್ ಜಾತಿಯ ಮರಿಹುಳದ ಹೊಟ್ಟೆಗೆ ಹೋಗಬೇಕು, ಆಗ ಮಾತ್ರ ಕೊಲ್ಲುತ್ತದೆ. ಹೇನು ಮಣ್ಣು ತಿನ್ನುವುದಿಲ್ಲ, ಬೇರಿನ ರಸ ಹೀರುತ್ತದೆ. ಹಾಗಾಗಿ ವರ್ಷವಿಡೀ ಬಿಟಿಐ ಸುರಿದರೂ ಹೇನಿಗೆ ಏನೂ ಆಗುವುದಿಲ್ಲ. ಅಷ್ಟರಲ್ಲಿ ಅದು ಮರಿ ಹಾಕುತ್ತಲೇ ಇರುತ್ತದೆ. ಟೆಂಟಿನ ಬೆಚ್ಚಗಿನ ವಾತಾವರಣದಲ್ಲಿ ಎಲ್ಲವೂ ಹೆಣ್ಣೇ. ಮೊಟ್ಟೆ ಇಲ್ಲ, ಗಂಡಿನ ಹಂಗಿಲ್ಲ, ನೇರವಾಗಿ ಜೀವಂತ ಮರಿ. ಆ ಮರಿ ಒಂದೆರಡು ವಾರದೊಳಗೆ ತಾನೂ ತಾಯಿಯಾಗುತ್ತದೆ. ಬೇರಿನಲ್ಲಿ ಜಾಗ ಸಾಲದಾದಾಗ ರೆಕ್ಕೆಯಿರುವ ಪೀಳಿಗೆ ಹುಟ್ಟಿ ಪಕ್ಕದ ಕುಂಡಕ್ಕೆ ಹಾರುತ್ತದೆ. ನಿಮ್ಮ ಕಾರ್ಡಿಗೆ ಅಂಟುತ್ತಿರುವುದು ಇವೇ ಇರಬೇಕು. ಅಂದರೆ ಹಾರುವ ಹೇನು ಕಂಡಾಗ ಕೆಳಗೆ ಬೇರು ಆಗಲೇ ತುಂಬಿಹೋಗಿದೆ ಅಂತ ಅರ್ಥ.

ಎಲೆ ಹಳದಿಯಾಯಿತು ಅಂತ ಗೊಬ್ಬರ, ಕ್ಯಾಲ್ಸಿಯಂ, ಮೆಗ್ನೀಸಿಯಂ ಹಾಕುತ್ತಿದ್ದರೆ ಸದ್ಯಕ್ಕೆ ನಿಲ್ಲಿಸಿ. ಗಾಯಗೊಂಡ ಬೇರು ಅದನ್ನು ಎಳೆದುಕೊಳ್ಳುವುದಿಲ್ಲ. ಸುಮ್ನೆ ಮಣ್ಣಿನಲ್ಲಿ ಉಪ್ಪು ಕೂಡುತ್ತದೆ.

ಫಂಗಸ್ ನ್ಯಾಟ್ ಅಂತಲೇ ಗೊತ್ತಾದರೆ ನಿಮ್ಮ ಕೆಲಸ ಸುಲಭ. ಮೇಲಿನ ಒಂದಿಂಚು ಮಣ್ಣು ಒಣಗಿದ ಮೇಲೆ ನೀರು ಕೊಡಿ, ಬಿಟಿಐ ಮುಂದುವರಿಸಿ, ಜೊತೆಗೆ ಸ್ಟೈನರ್ನೆಮಾ ಫೆಲ್ಟಿಯೆ ಅನ್ನುವ ಉಪಕಾರಿ ನೆಮಟೋಡ್ (ಕಣ್ಣಿಗೆ ಕಾಣದಷ್ಟು ಸಣ್ಣ ಹುಳ) ಹಾಕಿ. ಅದು ಜೀವಂತ ವಸ್ತು. ಫ್ರಿಜ್ಜಿನಲ್ಲಿಡಿ, ತೇದಿ ನೋಡಿ, ಮಣ್ಣು ಒದ್ದೆ ಮಾಡಿಕೊಂಡು ದೀಪ ಆರಿದ ಮೇಲೆ ಕೊಡಿ. ಮೊಟ್ಟೆಯಿಂದ ನೊಣವಾಗಲು ಮೂರು ನಾಲ್ಕು ವಾರ ಹಿಡಿಯುವುದರಿಂದ ಒಂದೇ ಸಲ ಕೊಟ್ಟು ಕೈ ಬಿಡಬೇಡಿ.

ಬೇರು ಹೇನಾದರೆ ಗಿಡದ ವಯಸ್ಸು ನೋಡಿ ತೀರ್ಮಾನಿಸಬೇಕು. ಗಿಡ ಇನ್ನೂ ಎಳೆಯದು, ಹೂ ಬಿಟ್ಟಿಲ್ಲ ಅನ್ನುವುದಾದರೆ ಹೋರಾಡಬಹುದು. ಬ್ಯೂವೇರಿಯಾ ಬ್ಯಾಸಿಯಾನಾ ಶಿಲೀಂಧ್ರ ನಮ್ಮ ಕೆಲಸದಲ್ಲಿ ಬಳಸುವ ಮುಖ್ಯ ಆಯುಧ. ಊರಲ್ಲಿ ಕಾಫಿ ತೋಟದವರಿಗೂ ಇದರ ಪರಿಚಯ ಇರುತ್ತದೆ, ಕಾಯಿಕೊರಕಕ್ಕೆ ಹೊಡೆಯುತ್ತಾರೆ. ಇದು ಹುಳದ ಮೈಗೆ ತಾಗಿದರೆ ಮಾತ್ರ ಕೆಲಸ ಮಾಡುತ್ತದೆ. ಆದ್ದರಿಂದ ಕುಂಡದ ಮಣ್ಣೆಲ್ಲ ನೆನೆದು ಕೆಳಗಿನಿಂದ ನೀರು ಇಳಿಯುವ ತನಕ ಹಾಕಬೇಕು. ನೀರು ಹಾಕುವಾಗ ಹೇನುಗಳು ಕಾಂಡದ ಬುಡಕ್ಕೆ, ಕುಂಡದ ಹೊರಗೋಡೆಗೆ ಹತ್ತಿ ಬರುತ್ತವೆ. ಅಲ್ಲಿಗೂ ತಾಗಿಸಿ. ಕೆಳಗಿನ ತಟ್ಟೆಯ ನೀರು ಚೆಲ್ಲಿ ತೊಳೆಯಿರಿ, ಆ ನೀರಿನಲ್ಲೂ ಹೇನು ತೇಲುತ್ತಿರುತ್ತವೆ. ಲೇಬಲ್ ಹೇಳಿದ ಅಂತರದಲ್ಲಿ ಮತ್ತೆ ಮತ್ತೆ ಕೊಡಬೇಕು. ಜೊತೆಗೆ ಸ್ಟ್ರಾಟಿಯೊಲೇಲಾಪ್ಸ್ ಅನ್ನುವ ಬೇಟೆ ನುಸಿ ಬಿಡಬಹುದು. ಆದರೆ ಅದು ಮೇಲ್ಮಣ್ಣಿನಲ್ಲೇ ಜಾಸ್ತಿ ಓಡಾಡುತ್ತದೆ. ಹೇನು ಕಡಿಮೆ ಇದ್ದಾಗ ಹಿಡಿತದಲ್ಲಿಡುತ್ತದೆ, ತುಂಬಿಹೋದ ಕುಂಡವನ್ನು ಅದು ಖಾಲಿ ಮಾಡುವುದಿಲ್ಲ.

ಹೂವು ಬಂದಿದ್ದರೆ ಮೊಗ್ಗಿನ ಮೇಲೆ ಏನನ್ನೂ ಸಿಂಪಡಿಸಬೇಡಿ, ಬೇವಿನೆಣ್ಣೆಯನ್ನೂ ಕೂಡ. ಮಣ್ಣಿಗೆ ಬೇಟೆ ನುಸಿಗಳನ್ನು ಬಿಟ್ಟು, ನೀರನ್ನು ಹದವಾಗಿ ಕೊಡುತ್ತಾ ಕೊಯ್ಲಿನ ತನಕ ದಾಟಿಸಿ. ಇಳುವರಿ ಕಡಿಮೆ ಬರುತ್ತದೆ, ಅಷ್ಟೇ. ಎಳೆ ಗಿಡವೇ ಆದರೂ ಬೇರಿನ ಉಂಡೆ ಪೂರ್ತಿ ಬೆಳ್ಳಗಾಗಿದ್ದರೆ ಕಿತ್ತು, ಗಟ್ಟಿ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ ಮನೆಯಿಂದ ಹೊರಗೆ ಹಾಕಿ. ನಾಲ್ಕೇ ಗಿಡ ಇರುವವರಿಗೆ ಹೊಸದಾಗಿ ಶುರು ಮಾಡುವುದು ತಿಂಗಳುಗಟ್ಟಲೆ ಒದ್ದಾಡುವುದಕ್ಕಿಂತ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಒಂದು ವಿಷಯದಲ್ಲಿ ಮಾತ್ರ ನಾನು ಖಡಾಖಂಡಿತ. ಇಮಿಡಾಕ್ಲೋಪ್ರಿಡ್ ಅನ್ನುವ ಕೀಟನಾಶಕ ಮುಟ್ಟಬೇಡಿ. ಊರಲ್ಲಿ ಹೇನು ಅಂದ ತಕ್ಷಣ ಅಂಗಡಿಯವರು ಕೊಡುವುದು ಅದನ್ನೇ, ಹೇನು ಸಾಯುವುದೂ ನಿಜ. ಆದರೆ ಅದು ಬೇರಿನಿಂದ ಗಿಡದ ಒಳಗೆಲ್ಲ ಹರಡುತ್ತದೆ, ತೊಳೆದರೆ ಹೋಗುವುದಿಲ್ಲ. ಟೊಮೇಟೊ ತಿನ್ನುವುದು ಬೇರೆ, ಹೊಗೆ ಮಾಡಿ ಎದೆಗೆ ಎಳೆದುಕೊಳ್ಳುವುದು ಬೇರೆ ಅಲ್ವಾ? ಕೆನಡಾದಲ್ಲೇ 2016-17ರಲ್ಲಿ ಪರವಾನಗಿ ಇರುವ ಬೆಳೆಗಾರರ ಗಾಂಜಾದಲ್ಲಿ ಮೈಕ್ಲೋಬ್ಯುಟನಿಲ್ ಸಿಕ್ಕಿ ಮಾಲು ವಾಪಸ್ ಕರೆಸಬೇಕಾಯಿತು. ಅದು ದ್ರಾಕ್ಷಿಗೆ ಹೊಡೆಯುವ ಬೂದಿರೋಗದ ಔಷಧಿ. ಸುಟ್ಟಾಗ ಹೈಡ್ರೋಜನ್ ಸಯನೈಡ್ ಅನ್ನುವ ವಿಷಾನಿಲ ಬಿಡುತ್ತದೆ. ಆ ಗಾಂಜಾ ಸೇದಿದವರಲ್ಲಿ ಕಾಯಿಲೆಗೆ ಅಂತ ತೆಗೆದುಕೊಂಡವರು ಇದ್ದರು. ಹಾಗಾಗಿ ಯಾವುದೇ ಔಷಧಿ ತಂದರೂ ಲೇಬಲ್‌ನಲ್ಲಿ ಗಾಂಜಾ ಬೆಳೆಯ ಹೆಸರು ಇದೆಯಾ ನೋಡಿ. ಇಲ್ಲದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಹೊಸ ಗಿಡ ತರುವ ಮೊದಲು ಟೆಂಟ್ ಪೂರ್ತಿ ಖಾಲಿ ಮಾಡಿ, ಸೋಪು ನೀರಿನಲ್ಲಿ ಒರೆಸಿ, ಹಳೇ ಮಣ್ಣು ಮತ್ತು ಕೋಕೋಪೀಟ್ ಎಸೆಯಿರಿ. ಹೇನು ಬರುವುದು ಬಹುಪಾಲು ಬೇರು ಬಿಟ್ಟ ಕಟಿಂಗ್ ಜೊತೆಗೆ. ಬೀಜದಿಂದ ಶುರು ಮಾಡಿದರೆ ಆ ದಾರಿ ಮುಚ್ಚುತ್ತದೆ. ಕಟಿಂಗೇ ಬೇಕೆಂದರೆ ಎರಡು ವಾರ ಬೇರೆ ಕೋಣೆಯಲ್ಲಿಟ್ಟು, ಬೇರು ನೋಡಿ, ಆಮೇಲೆ ಒಳಗೆ ತನ್ನಿ. ಬೇಸಿಗೆಯಲ್ಲಿ ಹೊರಗಿಟ್ಟಿದ್ದ ಮೆಣಸಿನಕಾಯಿ, ಕರಿಬೇವಿನ ಕುಂಡಗಳನ್ನು ಚಳಿಗೆ ಒಳಗೆ ತರುತ್ತೀರಲ್ಲ, ಅವನ್ನು ಟೆಂಟ್ ಇರುವ ಕೋಣೆಯ ಹತ್ತಿರವೂ ಇಡಬೇಡಿ.

ಬೇರು ತೆಗೆದು ನೋಡಿದ ಮೇಲೆ ಉಂಡೆಯ ಬದಿಯದೊಂದು ಫೋಟೊ, ಅಂಟು ಕಾರ್ಡ್‌ನದು ಹತ್ತಿರದಿಂದ ಇನ್ನೊಂದು ಇಲ್ಲೇ ಹಾಕಿ. ಗಿಡ ಹೂವಿಗೆ ಬಂದಿದೆಯಾ ಇಲ್ಲವಾ ಅಂತಲೂ ಬರೆಯಿರಿ. ನೋಡಿ ಹೇಳುತ್ತೇನೆ.